ಒಂದು ದತ್ತಿ ಉಪನ್ಯಾಸ ಮತ್ತು ಕಬ್ಬಿಣದ ತೆರೆ

ದತ್ತಿ ಉಪನ್ಯಾಸ ಎಂದರೆ ಏನೆಂದು ಕನ್ನಡದ ಓದುಗರಿಗೆ ವಿವರಿಸಬೇಕಾಗಿಲ್ಲ. ತೀರಿಕೊಂಡವರ ಹೆಸರಿನಲ್ಲಿ ಮನೆಯವರು ಒಂದಷ್ಟು ಹಣ ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಒಬ್ಬರನ್ನು ಕರೆಸಿ ಮಾತನಾಡಿಸುತ್ತಾರೆ. ಸಾಹಿತ್ಯ ಪರಿಷತ್ತಿನಿಂದ ಹಿಡಿದು ತಾಲ್ಲೂಕು ಕೇಂದ್ರದ ಕಾಲೇಜಿನವರೆಗೆ ಇದು ನಡೆದುಬಂದ ಪದ್ಧತಿ. ಇಪ್ಪತ್ತನೆಯ ಶತಮಾನದ ರಾಜಕಾರಣದ ಅತ್ಯಂತ ಪ್ರಸಿದ್ಧ ರೂಪಕವೊಂದು ಲೋಕಪ್ರಸಿದ್ಧವಾದದ್ದು ಇಂಥದೇ ಒಂದು ದತ್ತಿ ಉಪನ್ಯಾಸದಿಂದ ಎಂಬುದು ಮಾತ್ರ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ.

ಅಮೆರಿಕದ ಮಿಸೌರಿ ರಾಜ್ಯದ ಫುಲ್ಟನ್ ಒಂದು ಸಣ್ಣ ಊರು. ಅಲ್ಲಿನ ವೆಸ್ಟ್‌ಮಿನ್‌ಸ್ಟರ್ ಕಾಲೇಜಿನಲ್ಲಿ ಓದಿ ವಕೀಲರಾಗಿದ್ದ ಜಾನ್ ಫಿಂಡ್ಲಿ ಗ್ರೀನ್ ಅವರ ನೆನಪಿಗೆ ಅವರ ಪತ್ನಿ 1936ರಲ್ಲಿ ದತ್ತಿಯೊಂದನ್ನು ಇಟ್ಟರು. ಜಗತ್ತಿಗೆ ಸಂಬಂಧಿಸಿದ ಆರ್ಥಿಕ, ಸಾಮಾಜಿಕ, ರಾಜಕೀಯ ಪ್ರಶ್ನೆಗಳ ಮೇಲೆ ಹೆಸರುವಾಸಿಯಾದವರೊಬ್ಬರು ಬಂದು ಮಾತನಾಡಬೇಕು ಎಂಬುದು ಆಶಯ. ಕಾಲೇಜಿನ ಅಧ್ಯಕ್ಷ ಫ್ರಾಂಕ್ ಮೆಕ್ಲೂರ್ ಅವರಿಗೆ ವಿನ್‌ಸ್ಟನ್ ಚರ್ಚಿಲ್ ಅವರನ್ನೇ ಕರೆಸುವ ಆಸೆ. ಆ ಕಾಲೇಜಿನ ಹಳೆಯ ವಿದ್ಯಾರ್ಥಿ ಹ್ಯಾರಿ ವಾನ್ ಆಗ ಅಧ್ಯಕ್ಷ ಟ್ರೂಮನ್ ಅವರ ಸೇನಾ ಸಹಾಯಕ. ಅವರ ಮೂಲಕ ಆಮಂತ್ರಣ ಪತ್ರ ಟ್ರೂಮನ್ ಕೈಗೆ ಹೋಯಿತು. ಇದು ನನ್ನ ರಾಜ್ಯದ ಕಾಲೇಜು, ನೀವು ಬಂದರೆ ನಾನೇ ಪರಿಚಯಿಸುತ್ತೇನೆ ಎಂಬರ್ಥದ ಒಕ್ಕಣೆಯನ್ನು ಅವರು ಅದರ ಕೆಳಗೆ ಸೇರಿಸಿದರು. ಚುನಾವಣೆಯಲ್ಲಿ ಸೋತು ವಿರೋಧ ಪಕ್ಷದ ನಾಯಕರಾಗಿದ್ದ ಚರ್ಚಿಲ್ ಒಪ್ಪಿದರು. 1946ರ ಮಾರ್ಚ್ 5ರಂದು ಕಾಲೇಜಿನ ವ್ಯಾಯಾಮಶಾಲೆಯಲ್ಲಿ ಸುಮಾರು ಮುಕ್ಕಾಲು ಗಂಟೆ ಮಾತನಾಡಿದರು.

ಭಾಷಣವನ್ನು ಒಂದು ಗದ್ಯಪ್ರಕಾರವಾಗಿ ಓದುವುದು ನನ್ನ ಸಂಶೋಧನೆಯ ಕೆಲಸ. ಆ ಕಣ್ಣಿನಿಂದ ನೋಡಿದಾಗ ಈ ಉಪನ್ಯಾಸದಲ್ಲಿ ಮೊದಲು ಎದ್ದು ಕಾಣುವುದು, ಒಂದು ರೂಪಕ ಇಡೀ ಭಾಷಣವನ್ನು ನುಂಗಿಬಿಟ್ಟ ರೀತಿ. ಚರ್ಚಿಲ್ ಕೊಟ್ಟ ಶೀರ್ಷಿಕೆ 'ದಿ ಸಿನ್ಯೂಸ್ ಆಫ್ ಪೀಸ್'. ಶಾಂತಿಯ ಕಸುವು ಎನ್ನೋಣ. ಹಣವೇ ಯುದ್ಧದ ಕಸುವು ಎಂಬ ಹಳೆಯ ಲ್ಯಾಟಿನ್ ಮಾತನ್ನು ತಿರುಗಿಸಿ ಇಟ್ಟ ಹೆಸರದು. ವಿಶ್ವಸಂಸ್ಥೆಗೆ ಅದರದೇ ಸಶಸ್ತ್ರ ಪಡೆ ಇರಬೇಕು, ಅಣುಬಾಂಬಿನ ಗುಟ್ಟನ್ನು ಸದ್ಯಕ್ಕೆ ಅದರ ಕೈಗೆ ಕೊಡಬಾರದು, ಇಂಗ್ಲಿಷ್ ಮಾತನಾಡುವ ಜನಾಂಗಗಳು ಒಡಹುಟ್ಟಿದವರಂತೆ ಒಟ್ಟಾಗಬೇಕು: ಭಾಷಣದ ನಿಜವಾದ ವಾದ ಇದು. ಇದನ್ನೆಲ್ಲ ಮರೆತ ಜಗತ್ತು, ಯುರೋಪಿನ ನಡುವೆ ಇಳಿದ 'ಐರನ್ ಕರ್ಟನ್' ಅನ್ನು ಮಾತ್ರ ನೆನಪಿಟ್ಟುಕೊಂಡಿತು.

ಆ ನುಡಿಗಟ್ಟು ಚರ್ಚಿಲ್ ಸೃಷ್ಟಿಯಲ್ಲ. 1918ರಲ್ಲಿ ರಷ್ಯನ್ ಲೇಖಕ ರೋಜಾನೊವ್, 1920ರಲ್ಲಿ ಬ್ರಿಟನ್ನಿನ ಎಥೆಲ್ ಸ್ನೋಡೆನ್, 1945ರಲ್ಲಿ ನಾಜಿ ಪ್ರಚಾರ ಮಂತ್ರಿ ಗೋಬೆಲ್ಸ್ ಅದನ್ನು ಬಳಸಿದ್ದರು. ಅದರ ಮೂಲ ರಂಗಭೂಮಿಯಲ್ಲಿದೆ. ಯುರೋಪಿನ ನಾಟಕಶಾಲೆಗಳಲ್ಲಿ ರಂಗದ ಮೇಲೆ ಬೆಂಕಿ ಹೊತ್ತಿಕೊಂಡರೆ ಅದು ಪ್ರೇಕ್ಷಕರತ್ತ ಹರಡದಂತೆ ಕೆಳಗಿಳಿಸುತ್ತಿದ್ದ ಲೋಹದ ಪರದೆ ಅದು. ರೂಪಕದ ಜಾಣತನ ಇಲ್ಲಿದೆ. ಅದು ಕೇಳುಗನನ್ನು ಸುರಕ್ಷಿತವಾದ ಕುರ್ಚಿಯಲ್ಲಿ ಕೂರಿಸುತ್ತದೆ. ಬೆಂಕಿ ಆ ಕಡೆ, ನಾವು ಈ ಕಡೆ.

ಕನ್ನಡದಲ್ಲಿ ಇದನ್ನು 'ಕಬ್ಬಿಣದ ಪರದೆ', 'ಉಕ್ಕಿನ ತೆರೆ' ಎಂದೆಲ್ಲ ಕರೆದಿದ್ದೇವೆ. ಆದರೆ ನಮ್ಮ ತೆರೆ ಬೇರೆ. ಯಕ್ಷಗಾನದಲ್ಲಿ ಇಬ್ಬರು ಎರಡು ತುದಿ ಹಿಡಿದು ನಿಲ್ಲುತ್ತಾರೆ. ಹಿಂದೆ ವೇಷ ಕುಣಿಯುತ್ತದೆ. ಕಿರೀಟದ ತುದಿ ಕಾಣುತ್ತದೆ, ಹೆಜ್ಜೆಯ ಸದ್ದು ಕೇಳುತ್ತದೆ. ತೆರೆ ಇರುವುದು ಬಚ್ಚಿಡುವುದಕ್ಕಿಂತ ಹೆಚ್ಚಾಗಿ ಬರಲಿರುವ ಪಾತ್ರಕ್ಕೆ ನಮ್ಮನ್ನು ಸಿದ್ಧಮಾಡಲು. ಎಲ್ಲಕ್ಕಿಂತ ಮುಖ್ಯವಾಗಿ, ಆ ತೆರೆಯನ್ನು ಹಿಡಿದ ಕೈಗಳು ನಮಗೆ ಕಾಣುತ್ತವೆ. ಚರ್ಚಿಲ್ ವಾಕ್ಯದಲ್ಲಿ ತೆರೆ ತಾನಾಗಿಯೇ ಇಳಿದಂತಿದೆ. ಅದನ್ನು ಇಳಿಸಿದ ಕೈ ವಾಕ್ಯದೊಳಗಿಲ್ಲ. ತೆರೆ ಹಿಡಿದವರು ಯಾರು ಎಂದು ಕೇಳುವುದು ನಮ್ಮ ಬಯಲಾಟ ಕಲಿಸಿದ ವಿಮರ್ಶೆಯ ಪ್ರಶ್ನೆ.

ಇದೇ ಪ್ರಶ್ನೆಯನ್ನು ಭಾಷಣದ ಇನ್ನೊಂದು ಭಾಗಕ್ಕೂ ಕೇಳಬೇಕು. ದಬ್ಬಾಳಿಕೆಯ ಬಗ್ಗೆ ಹೇಳುತ್ತ ಚರ್ಚಿಲ್, ಅಮೆರಿಕ ಮತ್ತು ಬ್ರಿಟಿಷ್ ಸಾಮ್ರಾಜ್ಯದಾದ್ಯಂತ ಪ್ರಜೆಗಳು ಅನುಭವಿಸುತ್ತಿರುವ ಸ್ವಾತಂತ್ರ್ಯ ಬೇರೆ ಹಲವು ದೇಶಗಳಲ್ಲಿ ಇಲ್ಲ ಎನ್ನುತ್ತಾರೆ. ಬ್ರಿಟಿಷ್ ಸಾಮ್ರಾಜ್ಯದಾದ್ಯಂತ! ಆ ಮಾತಿಗೆ ಹದಿನೈದು ದಿನ ಮೊದಲು, ಫೆಬ್ರವರಿ 18ರಂದು, ಮುಂಬಯಿಯಲ್ಲಿ ರಾಯಲ್ ಇಂಡಿಯನ್ ನೇವಿಯ ನಾವಿಕರು ಕೆಟ್ಟ ಊಟ ಮತ್ತು ವರ್ಣದ್ವೇಷದ ಬೈಗುಳದ ವಿರುದ್ಧ ಬಂಡೆದ್ದಿದ್ದರು. ಮುಕ್ತ ಚುನಾವಣೆ, ಹೇಬಿಯಸ್ ಕಾರ್ಪಸ್, ಜ್ಯೂರಿ ವಿಚಾರಣೆ ಇಂಗ್ಲಿಷ್ ಜಗತ್ತಿನ ಆಸ್ತಿ ಎಂದು ಅವರು ಪಟ್ಟಿ ಮಾಡುತ್ತಾರೆ. ಅವರೇ ಪ್ರಧಾನಿಯಾಗಿದ್ದಾಗ, 1942ರ ಆಗಸ್ಟ್ 9ರಂದು ಬಂಧಿಸಲಾದ ನೆಹರೂ ಬಿಡುಗಡೆಯಾದದ್ದು 1945ರ ಜೂನ್‌ನಲ್ಲಿ. ವಿಚಾರಣೆ ನಡೆಯಲೇ ಇಲ್ಲ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ಚಳವಳಿಗಾರರನ್ನು ನೆನೆದರೆ ಆ ಪಟ್ಟಿ ಕನ್ನಡದ ಕಿವಿಗೆ ಬೇರೆಯೇ ಆಗಿ ಕೇಳುತ್ತದೆ. ಜಗತ್ತನ್ನು ಅಲೆಯುತ್ತಿರುವ ಕ್ಷಾಮದ ಬಗ್ಗೆ ಮರುಗುವ ಭಾಷಣದಲ್ಲಿ, ಇಪ್ಪತ್ತರಿಂದ ಮೂವತ್ತು ಲಕ್ಷ ಜನ ಸತ್ತರೆಂದು ಅಂದಾಜಿಸಲಾದ 1943ರ ಬಂಗಾಳದ ಹೆಸರಿಲ್ಲ.

ಹಾಗೆಂದು ಪೂರ್ವ ಯುರೋಪಿನ ಬಗ್ಗೆ ಅವರು ಹೇಳಿದ್ದು ಸುಳ್ಳಾಗುವುದಿಲ್ಲ. ಪೊಲೀಸ್ ಸರ್ಕಾರಗಳು ಅಲ್ಲಿ ನಿಜವಾಗಿಯೂ ತಲೆಯೆತ್ತುತ್ತಿದ್ದವು. ಮುಂದಿನ ನಾಲ್ಕು ದಶಕ ಅದಕ್ಕೆ ಸಾಕ್ಷಿ. ಒಂದೇ ಭಾಷಣ ಆಚೆಯ ಬೆಂಕಿಯ ಬಗ್ಗೆ ಸತ್ಯವನ್ನೂ ಸ್ವಂತ ಮನೆಯ ಬಗ್ಗೆ ಸುಳ್ಳನ್ನೂ ಒಂದೇ ಗಾಂಭೀರ್ಯದಲ್ಲಿ ಹೇಳಬಲ್ಲದು. ಇದೇ ಅದನ್ನು ವಿಮರ್ಶೆಗೆ ಯೋಗ್ಯವಾಗಿಸುವುದು. ಕೆಲವೇ ದಿನಗಳಲ್ಲಿ ಸ್ಟಾಲಿನ್ 'ಪ್ರಾವ್ದಾ' ಪತ್ರಿಕೆಯಲ್ಲಿ, ಇಂಗ್ಲಿಷ್ ಮಾತನಾಡುವವರೇ ಶ್ರೇಷ್ಠರೆಂಬ ಜನಾಂಗೀಯ ಸಿದ್ಧಾಂತ ಇದು ಎಂದು ಚರ್ಚಿಲ್ಲರನ್ನು ಹಿಟ್ಲರನಿಗೆ ಹೋಲಿಸಿದರು. ಸರಿಯಾದ ಪ್ರಶ್ನೆಯೊಂದನ್ನು ಎತ್ತಿದ್ದು ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸಿದ್ದ ವ್ಯಕ್ತಿ! ನಾವಿಕರಿಗೂ ವಾರ್ಸಾದ ವಿದ್ಯಾರ್ಥಿಗಳಿಗೂ ಈ ವಾಗ್ವಾದದಲ್ಲಿ ಜಾಗವಿರಲಿಲ್ಲ.

ಹೀಗಾಗಿ ನನ್ನ ವಾದ ಇಷ್ಟು. ಲೋಕ ವಿದ್ಯಮಾನದ ಮೇಲಿನ ಉಪನ್ಯಾಸವನ್ನು ಬಿಡಿಯಾಗಿ ಓದಿದರೆ ಅದು ಪ್ರಚಾರ; ಮಾಲೆಯಾಗಿ ಓದಿದರೆ ಮಾತ್ರ ವಿಚಾರ. 1992ರ ಮೇ 6ರಂದು ಮಿಖಾಯಿಲ್ ಗೊರ್ಬಚೆವ್ ಅದೇ ಫುಲ್ಟನ್ನಿಗೆ ಬಂದು, ಶೀತಲ ಸಮರಕ್ಕೆ ಎರಡೂ ಕಡೆಯ ತಪ್ಪು ಲೆಕ್ಕಾಚಾರ ಕಾರಣವೆಂದು ಮಾತನಾಡಿದರು. ಅಲ್ಲಿ ಚರ್ಚಿಲ್ ಮೊಮ್ಮಗಳು ಎಡ್ವಿನಾ ಸ್ಯಾಂಡಿಸ್ ಬರ್ಲಿನ್ ಗೋಡೆಯ ತುಂಡುಗಳಿಂದ ಮಾಡಿದ ಶಿಲ್ಪವೂ ಇದೆ. 2017ರಲ್ಲಿ ಬರ್ನಿ ಸ್ಯಾಂಡರ್ಸ್ ಅದೇ ದತ್ತಿಯ ಉಪನ್ಯಾಸದಲ್ಲಿ, 1953ರ ಇರಾನಿನಲ್ಲಿ ಚುನಾಯಿತ ಸರ್ಕಾರವನ್ನು ಉರುಳಿಸಿದ್ದರಲ್ಲಿ ಅಮೆರಿಕದ ಪಾತ್ರವನ್ನು ನೆನಪಿಸಿದರು. ಅಂದರೆ ಚರ್ಚಿಲ್ ಭಾಷಣದ ಪ್ರಶ್ನೋತ್ತರ ಶುರುವಾಗಲು 46 ವರ್ಷ ಬೇಕಾಯಿತು. ಅದು ಇನ್ನೂ ಮುಗಿದಿಲ್ಲ. ಪ್ರಶ್ನೆ ಕೇಳಿದವರೂ ಬಹುಪಾಲು ಅಧಿಕಾರದ ಒಳಮನೆಯವರೇ.

ನಮ್ಮ ಕಾಲೇಜುಗಳಲ್ಲಿ ಈಗ ಉಕ್ರೇನ್, ಗಾಜಾ, ಚೀನಾ ಎಂದು ವಿಶೇಷ ಉಪನ್ಯಾಸಗಳು ನಡೆಯುತ್ತಿವೆ. ಒಳ್ಳೆಯದೇ. ಆದರೆ ಸ್ವಾಗತ, ಪರಿಚಯ, ಹಾರ, ಶಾಲುಗಳಲ್ಲಿ ಅರ್ಧ ಹೊತ್ತು ಕಳೆದು, ಅತಿಥಿ ಮಾತು ಮುಗಿಸುವಷ್ಟರಲ್ಲಿ ವಂದನಾರ್ಪಣೆಯವರು ಮೈಕಿನ ಹತ್ತಿರ ನಿಂತಿರುತ್ತಾರೆ. ಪ್ರಶ್ನೆ ಇದ್ದರೆ ಆಮೇಲೆ ವೈಯಕ್ತಿಕವಾಗಿ ಕೇಳಿ ಎನ್ನುತ್ತಾರೆ. ಲೋಕದ ಪ್ರಶ್ನೆ ವೈಯಕ್ತಿಕವಾಗುವುದು ಹೇಗೆ? ಕನ್ನಡದಲ್ಲಿ ಈ ಪ್ರಕಾರಕ್ಕೆ ಒಳ್ಳೆಯ ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಕಿರುಹೊತ್ತಿಗೆಗಳು ತರಗತಿಯಾಚೆಗಿನ ಓದುಗರಿಗಾಗಿಯೇ ಬಂದವು. ಆ ಪರಂಪರೆಗೆ ನಮ್ಮ ಕಾಲ ಸೇರಿಸಬೇಕಾದದ್ದು ಎರಡು. ಉಪನ್ಯಾಸದ ಜೊತೆ ಸಭೆಯ ಪ್ರಶ್ನೆಗಳನ್ನೂ ಅಚ್ಚು ಹಾಕಬೇಕು. ಈ ವರ್ಷ ಯಾರ ಬಗ್ಗೆ ಮಾತನಾಡಿದೆವೋ, ಮುಂದಿನ ವರ್ಷ ಅವರ ಕಡೆಯವರೊಬ್ಬರನ್ನು ಕರೆಸಬೇಕು. ಬರಲಾಗದಿದ್ದರೆ ಅವರ ಬರಹವನ್ನಾದರೂ ಕನ್ನಡಕ್ಕೆ ತಂದು ಅದೇ ವೇದಿಕೆಯಲ್ಲಿ ಓದಿಸಬೇಕು. ದತ್ತಿಯ ಬಡ್ಡಿ ಅಷ್ಟಕ್ಕಂತೂ ಸಾಲುತ್ತದೆ.