ಪ್ಲೇಟಿಗೆ ಹಿಡಿಸದ ಕಿರಾನಾ

ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ ಮೇಲೆ ಒಂದು ಹಳೆಯ ದೂರಿದೆ: ಸ್ವರ ಸಿಹಿ, ಲಯ ಸಡಿಲು. ಈ ದೂರು ಹುಟ್ಟಿದ್ದರಲ್ಲಿ ಗಾಯಕರ ಪಾಲಿಗಿಂತ ಗ್ರಾಮಾಫೋನಿನ ಪಾಲು ಹೆಚ್ಚು ಎಂದು ನನ್ನ ಅನಿಸಿಕೆ. ಹುಣಸಗಿಯಂಥ ಊರಲ್ಲಿ ಇರುವವರಿಗೆ ಕುಂದಗೋಳ, ಧಾರವಾಡದ ಬೈಠಕ್ಕುಗಳು ಕೈಗೆಟುಕುವಂಥವಲ್ಲ. ನಮ್ಮ ಪಾಲಿಗೆ ಬಂದದ್ದು ರೇಡಿಯೊ, ಕ್ಯಾಸೆಟ್ಟು, ಈಗ ಮೊಬೈಲು. ಹಾಗಾಗಿ ಯಾವ ಮುದ್ರಣದಲ್ಲಿ ಏನು ಉಳಿದಿದೆ, ಏನು ಸೋರಿಹೋಗಿದೆ ಎಂದು ನೋಡದೆ ನಮಗೆ ಗತ್ಯಂತರವಿಲ್ಲ.

ನಿಮಿಷಕ್ಕೆ 78 ಸುತ್ತಿನ ಗ್ರಾಮಾಫೋನ್ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಒಂದೊಂದೇ ಸ್ವರ ಹಿಡಿದು, ಅದರ ಸುತ್ತ ಸುಳಿದು, ಮುಂದಿನದಕ್ಕೆ ಸಾವಕಾಶ ಏರುವುದು ಕಿರಾನಾದ ಬಢತ್. ಮೂರು ನಿಮಿಷದಲ್ಲಿ ಗಾಯಕ ಗಾಂಧಾರ ದಾಟುವುದೂ ಕಷ್ಟ. ಅದಕ್ಕೇ ಈ ಘರಾಣೆಯ ಹಿರಿಯ ಅಬ್ದುಲ್ ಕರೀಂ ಖಾನರ ಪ್ಲೇಟುಗಳಲ್ಲಿ ಗೆದ್ದದ್ದು ಠುಮ್ರಿ. ಗದಗಿನ ಹುಡುಗ ಭೀಮಸೇನ ಜೋಶಿಯನ್ನು ಮನೆ ಬಿಡಿಸಿದ ಅವರ ಝಿಂಝೋಟಿ ರಾಗದ ಹಾಡೂ ಠುಮ್ರಿಯೇ. ಅದು ಅದ್ಭುತ ನಿಜ, ಆದರೆ ಖ್ಯಾಲಿನ ಕಟ್ಟಡ ಅದರಲ್ಲಿ ಕಾಣುವುದಿಲ್ಲ. ಅದೇ ಕಾಲದಲ್ಲಿ ಜೈಪುರ ಘರಾಣೆಯ ಕೇಸರಬಾಯಿ ಕೇರಕರ್ ಅಷ್ಟೇ ಜಾಗದಲ್ಲಿ ಇಡೀ ರಾಗದ ನಕ್ಷೆ ಬಿಡಿಸುತ್ತಾರೆ. ಮಧ್ಯಲಯ, ಹೆಣೆದುಕೊಂಡ ತಾನುಗಳು, ಬಿಗಿ ಬಂಧ ಇವೆಲ್ಲ ಪ್ಲೇಟಿಗೆಂದೇ ಅಳೆದಂತಿವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಕಿರಾನಾ ಸಪ್ಪೆ ಎಂದರೆ ಅದು ನ್ಯಾಯವಲ್ಲ.

ಹೆಚ್ಚು ನಷ್ಟವಾದದ್ದು ಸವಾಯಿ ಗಂಧರ್ವರಿಗೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರರನ್ನು ತಯಾರು ಮಾಡಿದ ಈ ಗುರು 1952ರಲ್ಲಿ ತೀರಿಕೊಂಡರು. ಹೆಚ್ಚು ಹೊತ್ತು ಹಿಡಿಸುವ ಎಲ್‌ಪಿ ನಮ್ಮಲ್ಲಿ ಬಳಕೆಗೆ ಬಂದದ್ದು ಆಮೇಲೆ. ಅವರ ಪ್ಲೇಟು ಕೇಳಿ ಶಿಷ್ಯರ ಹಾಡಿಕೆಯನ್ನು ಊಹಿಸಲು ಸಾಧ್ಯವೇ ಇಲ್ಲ.

ಗಂಗೂಬಾಯಿಯವರದು ಬೇರೆಯೇ ಕಥೆ. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಎಚ್‌ಎಂವಿ ಕಂಪನಿ ಹೊರತಂದ ಪ್ಲೇಟುಗಳಲ್ಲಿ ತೆಳು, ಮೇಲು ಶ್ರುತಿಯ ದನಿ. ಗಂಟಲ ಶಸ್ತ್ರಚಿಕಿತ್ಸೆಯ ನಂತರ ಆ ದನಿ ಗಡಸಾಗಿ, ಗಂಡಸರ ಶ್ರುತಿಗೆ ಇಳಿಯಿತು. ಎರಡನ್ನೂ ಒಟ್ಟಿಗೆ ಕೇಳಿದರೆ ಒಬ್ಬರೇ ಎಂದು ನಂಬುವುದು ಕಷ್ಟ. ಆದರೆ ಸ್ವರ ಹಚ್ಚುವ ರೀತಿ ಅದೇ: ನೇರ, ಬಳುಕಿಲ್ಲದೆ. ಮಾಧುರ್ಯವೇ ಕಿರಾನಾದ ಬಂಡವಾಳ ಎನ್ನುವವರಿಗೆ ಈ ಗಡಸು ದನಿಯೇ ಉತ್ತರ.

ಭೀಮಸೇನರ ಶುದ್ಧ ಕಲ್ಯಾಣದ ಎಲ್‌ಪಿಯಲ್ಲಿ ಎಲ್ಲ ಹದವಾಗಿದೆ. ಒಂದು ಬದಿಗೆ ಸುಮಾರು ಇಪ್ಪತ್ತು ನಿಮಿಷ ಸಿಕ್ಕಿದ್ದರಿಂದ ಬಢತ್‌ಗೆ ಉಸಿರಾಡಲು ಜಾಗವಿದೆ. ಆದರೂ ನನ್ನ ಓಟು ಸಭೆಯ ಮುದ್ರಣಗಳಿಗೆ. ಅವರು ಮೈಕಿನಿಂದ ಮುಖ ತಿರುಗಿಸಿದಾಗ ದನಿ ತಗ್ಗುತ್ತದೆ, ಯಾರೋ ಕೆಮ್ಮುತ್ತಾರೆ, ತಬಲಾ ಅತಿಯಾಗುತ್ತದೆ. ಆದರೆ ಸ್ಟುಡಿಯೋದಲ್ಲಿ ಲೆಕ್ಕ ಹಾಕಿ ಇಟ್ಟ ತಾನು ಅಲ್ಲಿ ಲಯದ ಜೊತೆ ಜಿದ್ದಿಗೆ ಬೀಳುತ್ತದೆ. ಲಯ ಸಡಿಲು ಎನ್ನುವವರು ಇವನ್ನು ಕೇಳಬೇಕು.

ಇನ್ನು ಹಳೆಯ ಪ್ಲೇಟುಗಳ ಡಿಜಿಟಲ್ ಅವತಾರ. 80 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹತ್ತಿರಹತ್ತಿರ ಅರೆಸ್ವರದ ಅರ್ಧದಷ್ಟು ಇಳಿಯುತ್ತದೆ. ಸ್ವರಗಳ ನಡುವಿನ ಅಂತರ ಕೆಡುವುದಿಲ್ಲ, ಗಂಟಲಿನ ಬಣ್ಣ ಕೆಡುತ್ತದೆ. ಅದಕ್ಕಿಂತ ದೊಡ್ಡ ಅನಾಹುತ ಗರಗರ ಸದ್ದು ತೆಗೆಯುವ ಉತ್ಸಾಹ. ಆ ಸದ್ದು ಹೆಚ್ಚಾಗಿ ಇರುವುದು ಮೇಲಿನ ಕಂಪನಗಳಲ್ಲಿ. ತಂಬೂರಿಯ ಜವಾರಿಯ ಝೇಂಕಾರವೂ ಅಲ್ಲೇ. ಒಂದನ್ನು ತೊಳೆದರೆ ಇನ್ನೊಂದೂ ಹೋಗುತ್ತದೆ. ತಂಬೂರಿಯೇ ಇಲ್ಲದ ಕಿರಾನಾ, ಕರೀಂ ಖಾನರದೇ ಆದರೂ, ಬರೀ ಹಾಡಾಗಿ ಉಳಿಯುತ್ತದೆ. ನನಗಂತೂ ಗರಗರ ಇರುವ ಪ್ರತಿಯೇ ಬೇಕು.

ಮೊಬೈಲಿನ ಪುಟ್ಟ ಸ್ಪೀಕರು ಖರ್ಜವನ್ನೇ, ಅಂದರೆ ಕೆಳಗಿನ ಸ್ವರಗಳನ್ನೇ, ನುಂಗುತ್ತದೆ. ಗಂಗೂಬಾಯಿಯವರ ಮಂದ್ರದ ಷಡ್ಜ ಕೇಳಿಸಬೇಕಾದರೆ ಒಳ್ಳೆಯ ಇಯರ್‌ಫೋನು ಹಚ್ಚಿಕೊಳ್ಳಿ, ಇಲ್ಲವೇ ಊರಿನ ಭಜನಾ ಮಂಡಳಿಯ ದೊಡ್ಡ ಸ್ಪೀಕರಿಗೆ ವೈರು ಸಿಕ್ಕಿಸಿ ಒಂದು ಸಂಜೆ ಎಲ್ಲರೂ ಕೂತು ಕೇಳಿ.