ಪತ್ರ ಎಲ್ಲಿಗೆ ಮುಗಿಯಿತು?

ಒಂದು ಮೇಲ್ ಸರ್ವರ್ ಇನ್ನೊಂದಕ್ಕೆ ಪತ್ರ ದಾಟಿಸುವಾಗ, ಒಂಟಿ ಚುಕ್ಕಿಯಿರುವ ಸಾಲು ಬಂದರೆ ಪತ್ರ ಮುಗಿಯಿತೆಂದು ಅರ್ಥ. ಆ ಚುಕ್ಕಿಯ ಹಿಂದೆಯೂ ಮುಂದೆಯೂ, ಸಾಲು ಮುಗಿಸುವ ಸಿಆರ್, ಎಲ್‌ಎಫ್ ಎಂಬ ಎರಡು ಸಂಕೇತಗಳು ಜೋಡಿಯಾಗಿಯೇ ಇರಬೇಕು. ಬರೀ ಎಲ್‌ಎಫ್ ಇದ್ದರೆ ಅದನ್ನು ಪತ್ರದ ಕೊನೆಯೆಂದು ಒಪ್ಪಕೂಡದೆಂದು, ಎಸ್‌ಎಂಟಿಪಿ ಎಂಬ ಮೇಲ್ ರವಾನೆ ನಿಯಮಾವಳಿಯ ಮಾನದಂಡವಾದ 2008ರ ಆರ್‌ಎಫ್‌ಸಿ 5321 ಬಿಡಿಸಿ ಹೇಳಿದೆ. ಹೀಗಿದ್ದೂ ಹಲವು ಸರ್ವರ್‌ಗಳು ಸಡಿಲಬಿಟ್ಟಿದ್ದವು. ವೀತ್ಸೆ ವೆನೆಮಾ ಅವರ ಮೇಲ್ ಸರ್ವರ್ ತಂತ್ರಾಂಶ ಪೋಸ್ಟ್‌ಫಿಕ್ಸ್ ಕೂಡ.

ಆ ಸಡಿಲಿಕೆಗೆ ಕಾರಣವಿತ್ತು. ಯೂನಿಕ್ಸ್‌ನಲ್ಲಿ ಸಾಲು ಮುಗಿಯುವುದೇ ಬರೀ ಎಲ್‌ಎಫ್‌ನಿಂದ. ಅವಸರದಲ್ಲಿ ಬರೆದ ಸ್ಕ್ರಿಪ್ಟುಗಳು, ಹಳೆಯ ತಂತ್ರಾಂಶಗಳು ಅದನ್ನು ಹಾಗೇ ಕಳಿಸುತ್ತವೆ. ತಿರಸ್ಕರಿಸಿದರೆ ತೊಂದರೆಯಾಗುವುದು ಪತ್ರಕ್ಕಾಗಿ ಕಾದು ಕೂತವರಿಗೆ. ಕಳಿಸುವಾಗ ಕಟ್ಟುನಿಟ್ಟು, ಪಡೆಯುವಾಗ ಉದಾರ ಎಂಬ ಜಾನ್ ಪೋಸ್ಟೆಲ್ ಅವರ ತತ್ವದ ಬೆಂಬಲವೂ ಇತ್ತು. ಆದರೆ 1990ರ ದಶಕದಲ್ಲೇ ಡಿ. ಜೆ. ಬರ್ನ್‌ಸ್ಟೈನ್ ಅವರ ಕ್ಯೂಮೇಲ್ ಸರ್ವರ್ ಬರೀ ಎಲ್‌ಎಫ್ ಕಂಡರೆ ಪತ್ರವನ್ನೇ ನಿರಾಕರಿಸುತ್ತಿತ್ತು. ಅದು ಅತಿ ಹಟವೆಂದು ಅನೇಕರಿಗೆ ಅನ್ನಿಸಿತ್ತು.

2023ರ ಡಿಸೆಂಬರ್‌ನಲ್ಲಿ ಟೀಮೋ ಲಾಂಗಿನ್ ‘ಎಸ್‌ಎಂಟಿಪಿ ಸ್ಮಗ್ಲಿಂಗ್’ ದಾಳಿಯನ್ನು ಬಯಲಿಗಿಟ್ಟರು. ದಾಳಿಕೋರ ಸೇರಿಸಿದ, ಸರಿಯಾದ ಜೋಡಿಸಂಕೇತವಿಲ್ಲದ ಚುಕ್ಕಿಸಾಲನ್ನು ಕಳಿಸುವ ಸರ್ವರ್ ಪತ್ರದ ಒಳಗಿನ ಮಾತೆಂದು ದಾಟಿಸುತ್ತದೆ. ಪಡೆಯುವ ಸರ್ವರ್ ಅದನ್ನೇ ಕೊನೆಯೆಂದು ಓದುತ್ತದೆ. ಆಮೇಲೆ ಉಳಿದದ್ದು ಅದಕ್ಕೆ ಹೊಸ ಪತ್ರವಾಗಿ ಕಾಣುತ್ತದೆ, ಯಾರ ಹೆಸರಿನಲ್ಲಿ ಬೇಕಾದರೂ. ನಂಬಿಕೆಯ ಸರ್ವರಿನಿಂದಲೇ ಬಂದದ್ದರಿಂದ, ಕಳಿಸಿದ ಸರ್ವರ್ ಅಧಿಕೃತವೇ ಎಂದು ನೋಡುವ ಎಸ್‌ಪಿಎಫ್ ಪರೀಕ್ಷೆಯಲ್ಲೂ ಅದು ಪಾಸಾಗಬಲ್ಲದು. ಎರಡು ಸರ್ವರ್‌ಗಳು ಒಂದೇ ಪತ್ರವನ್ನು ಬೇರೆ ಬೇರೆಯಾಗಿ ಓದಿದ್ದೇ ಇಲ್ಲಿಯ ಅನಾಹುತ. ಬರ್ನ್‌ಸ್ಟೈನ್ ಅವರ ಹಟಕ್ಕೆ ಬೆಲೆ ಇತ್ತೆಂದು ನಾನು ಒಪ್ಪುತ್ತೇನೆ. ಆದರೆ ಪತ್ರವನ್ನೇ ನಿರಾಕರಿಸುವ ದಾರಿ ಬಳಕೆದಾರನ ಮೇಲೆ ಹೊರೆ ಹಾಕಿತು.

ಪೋಸ್ಟ್‌ಫಿಕ್ಸ್ ಕಂಡುಕೊಂಡ ಪರಿಹಾರ ಇದಕ್ಕಿಂತ ಸೂಕ್ಷ್ಮ. 2024ರ 3.9 ಆವೃತ್ತಿಯ ಪೂರ್ವನಿಯೋಜಿತ ‘ನಾರ್ಮಲೈಸ್’ ಆಯ್ಕೆ ಪತ್ರದ ಕೊನೆಯ ವಿಷಯದಲ್ಲಿ ಮಾತ್ರ ಅಕ್ಷರಶಃ ನಿಯಮ ಕೇಳುತ್ತದೆ. ಒಳಗಿನ ಸಾಲುಗಳಲ್ಲಿ ಬರೀ ಎಲ್‌ಎಫ್ ಬಂದರೆ ಸುಮ್ಮನೆ ಸರಿಪಡಿಸಿಕೊಳ್ಳುತ್ತದೆ. ಹಳೆಯ ಸ್ಕ್ರಿಪ್ಟಿನ ಪತ್ರಗಳಿಗೂ ದಾರಿ ಉಳಿಯಿತು, ಮೋಸಕ್ಕೆ ಬಾಗಿಲು ಮುಚ್ಚಿತು. ಅರ್ಥ ಬದಲಾಗುವ ಕಡೆ ಬಿಗಿ, ಬದಲಾಗದ ಕಡೆ ಸಡಿಲು: ಇಡೀ ಮಾನದಂಡಗಳ ಚರ್ಚೆಯಲ್ಲಿ ನಾನು ಕಂಡ ಅತ್ಯಂತ ವಿವೇಕದ ವಿಂಗಡಣೆ ಇದು. ಪತ್ರವನ್ನು ಡಿಸ್ಕಿಗೆ ಭದ್ರವಾಗಿ ಬರೆದ ಮೇಲೆಯೇ ‘250’ ಎಂದು ಒಪ್ಪಿಗೆ ಕೊಡುವ ಪೋಸ್ಟ್‌ಫಿಕ್ಸ್‌ನ ಪದ್ಧತಿಯಲ್ಲೂ ಇದೇ ವಿವೇಕವಿದೆ. ಅದರಿಂದ ವೇಗ ತಗ್ಗುತ್ತದೆ, ತಗ್ಗಲಿ. ಒಪ್ಪಿಕೊಂಡ ಪತ್ರ ಕಳೆದುಹೋಗಬಾರದು.

ಒಂದು ತಕರಾರು ಮಾತ್ರ ಉಳಿದಿದೆ. 3.8 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಿಗೆ ಬಂದ ತಿದ್ದುಪಡಿಯಲ್ಲಿ ಈ ಕಾವಲು ತಾನಾಗಿ ಜಾರಿಗೆ ಬರುವುದಿಲ್ಲ. ನಡೆಯುತ್ತಿರುವ ವ್ಯವಸ್ಥೆ ಮುರಿಯಬಾರದೆಂಬ ಕಾಳಜಿ ಅರ್ಥವಾಗುತ್ತದೆ. ಆದರೆ ಸಣ್ಣ ಕಚೇರಿಯಲ್ಲಿ ಒಬ್ಬರೇ ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಅದನ್ನು ಜಾರಿಗೊಳಿಸುವ ಸಾಲನ್ನು ಸಂರಚನಾ ಕಡತಕ್ಕೆ ಯಾರು ಹೋಗಿ ಸೇರಿಸುತ್ತಾರೆ? ಹೆಚ್ಚಿನ ರಕ್ಷಣೆ ಬೇಕಾದದ್ದು ಅಲ್ಲಿಯೇ.