ಇಲಿಯ ಪಾದ ಇಳಿದರೆ ಸಾಕೆ?

ಮುದಗಲ್, ಮಸ್ಕಿ ಕಡೆ ಕೀಲು ಬಾತರೆ ಲಕ್ಕಿ ಸೊಪ್ಪು ಕುದಿಸಿದ ನೀರು ಹಾಕಿಕೊಳ್ಳುತ್ತಾರೆ. ಎಕ್ಕೆ ಎಲೆಗೆ ಔಡಲೆಣ್ಣೆ ಸವರಿ, ಬಿಸಿ ಮಾಡಿ ಮೊಣಕಾಲಿಗೆ ಕಟ್ಟುತ್ತಾರೆ. ಇಂಥ ಗಿಡಗಳನ್ನು ರುಮಟಾಯ್ಡ್ ಸಂಧಿವಾತಕ್ಕೆ ಪರೀಕ್ಷಿಸುವುದು ನಮ್ಮ ಎಂ.ಫಾರ್ಮ್ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ವಿಷಯ. ಗಿಡದ ಹೆಸರು ಬದಲಾಗುತ್ತದೆ, ವಿಧಾನ ಅದೇ.

ಒಣಗಿಸಿದ ಎಲೆಪುಡಿಯಿಂದ ಸಾಕ್ಸ್‌ಲೆಟ್ ಉಪಕರಣದಲ್ಲಿ ಆಲ್ಕೋಹಾಲ್ ಬಳಸಿ ಸಾರ ಇಳಿಸುತ್ತಾರೆ. ಅದನ್ನು ಕಿಲೋ ತೂಕಕ್ಕೆ 200 ಇಲ್ಲವೇ 400 ಮಿಲಿಗ್ರಾಂನಂತೆ ವಿಸ್ಟಾರ್ ಇಲಿಗೆ ಕುಡಿಸಿ, ಪಾದಕ್ಕೆ ಕ್ಯಾರಜೀನನ್ ಚುಚ್ಚಿ, ಬಾವನ್ನು ಅಳೆಯುತ್ತಾರೆ. ಊರಲ್ಲಿ ಮೈಮೇಲೆ ಸುರಿದುಕೊಳ್ಳುವ ಲಕ್ಕಿ ಇಲ್ಲಿ ಹೊಟ್ಟೆಗೆ ಹೋಯಿತು! ಹಾಗಾಗಿ ಫಲಿತಾಂಶ ಏನೇ ಬರಲಿ, ಅಜ್ಜಿಯ ಮದ್ದು ಗೆದ್ದಿತೆಂದೂ ಸೋತಿತೆಂದೂ ಹೇಳುವಂತಿಲ್ಲ.

ಕ್ಯಾರಜೀನನ್ ಬಾವು ಗಂಟೆಗಳ ಲೆಕ್ಕದ್ದು. ರುಮಟಾಯ್ಡ್ ಹಾಗಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬಿದ್ದು ವರ್ಷಗಟ್ಟಲೆ ಎಲುಬು ಸವೆಸುತ್ತದೆ. ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುವ ಫ್ರಾಯಿಂಡ್ ಅಡ್ಜುವೆಂಟ್ ಚುಚ್ಚಿ 21 ಅಥವಾ 28 ದಿನ ನೋಡುವ ಪರೀಕ್ಷೆ ಕ್ಯಾರಜೀನನ್ ಪರೀಕ್ಷೆಗಿಂತ ವಾಸಿ. ಅಲ್ಲಿಯೂ ಎಷ್ಟೋ ಸಲ ಚುಚ್ಚಿದ ದಿನದಿಂದಲೇ ಸಾರ ಶುರು; ರೋಗಿ ಬರುವುದು ಬೆರಳು ಬಾತ ಮೇಲೆ. ಹೋಲಿಕೆಗೆ ಇಡುವ ಡೈಕ್ಲೋಫೆನಾಕ್ ನೋವು ತಗ್ಗಿಸುತ್ತದೆಯೇ ಹೊರತು ಸವೆತ ತಡೆಯುವುದಿಲ್ಲ. ಸಾರವನ್ನು ಸವೆತ ನಿಧಾನಿಸುವ ಮೆಥೊಟ್ರೆಕ್ಸೇಟ್ ಎದುರು ನಿಲ್ಲಿಸಬೇಕು.

ಪ್ರಮಾಣದ ಲೆಕ್ಕವನ್ನೂ ಹಾಕಿ ನೋಡೋಣ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸಲು 6.2ರಿಂದ ಭಾಗಿಸುವುದು ವಾಡಿಕೆ. 400 ಮಿಲಿಗ್ರಾಂ ಎಂದರೆ 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 4 ಗ್ರಾಂ ಸಾರ. ನೂರಕ್ಕೆ ಹತ್ತರಷ್ಟು ಸಾರ ಇಳಿಯಿತೆನ್ನಿ, ದಿನವೂ 40 ಗ್ರಾಂ ಒಣ ಎಲೆ ಬೇಕು. ಯಾರು ತಿಂದಾರು?

ಮನುಷ್ಯರ ಮೇಲಿನ ಪರೀಕ್ಷೆ ನಡೆದೇ ಇಲ್ಲವೆಂದಲ್ಲ. ಅಶ್ವಗಂಧ, ಶಲ್ಲಕಿ, ಶುಂಠಿ, ಅರಿಶಿನ ಸೇರಿದ ಔಷಧವನ್ನು ಪುಣೆಯ ಅರವಿಂದ ಚೋಪ್ರಾ ತಂಡ 182 ರೋಗಿಗಳಲ್ಲಿ 16 ವಾರ ಪರೀಕ್ಷಿಸಿ 2000ದಲ್ಲಿ ವರದಿ ಪ್ರಕಟಿಸಿತು. ಹುಸಿಗುಳಿಗೆ ನುಂಗಿದವರಲ್ಲೂ ಅನೇಕರು ಸುಧಾರಿಸಿದ್ದರಿಂದ ಔಷಧದ ಮೇಲುಗೈ ಬಹುಮಟ್ಟಿಗೆ ಸಾಬೀತಾಗಲಿಲ್ಲ. ಕೊಯಮತ್ತೂರಿನ ಅಧ್ಯಯನ (2011) ಆಯುರ್ವೇದವನ್ನು ಮೆಥೊಟ್ರೆಕ್ಸೇಟ್ ಎದುರೇ ಇಟ್ಟಿತು. ಪರಿಣಾಮ ಹೆಚ್ಚುಕಡಿಮೆ ಸಮವಾಗಿತ್ತು. ಆದರೆ ರೋಗಿಗಳು 43 ಮಂದಿ ಮಾತ್ರ. ನನಗೆ ಇವೆರಡೂ ನೂರು ಇಲಿಪಾದಗಳಿಗಿಂತ ಮೇಲು. ಸೋಲನ್ನೂ ಸಣ್ಣ ಗಾತ್ರವನ್ನೂ ಮುಚ್ಚಿಡಲಿಲ್ಲ.

ಸುರಕ್ಷತೆಯ ಅಧ್ಯಾಯ ಇನ್ನೂ ತೆಳು. ಕೆಲವೇ ಇಲಿಗಳಿಗೆ ಒಂದು ಸಲ ಕಿಲೋ ತೂಕಕ್ಕೆ 2000 ಮಿಲಿಗ್ರಾಂನಂತೆ ಕುಡಿಸಿ, 14 ದಿನ ಕಾದು, ಸಾಯದಿದ್ದರೆ ‘ಸುರಕ್ಷಿತ’ ಎಂದು ಬರೆದುಬಿಡುತ್ತಾರೆ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಹಾನಿ ವರದಿ ಮಾಡಿದಾಗ ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಮೆಥೊಟ್ರೆಕ್ಸೇಟ್ ಕೂಡ ಯಕೃತ್ತಿಗೆ ಭಾರವೇ. ವಾರದ ಆ ಮಾತ್ರೆಯ ಜೊತೆಗೆ ಗಿಡದ ಸಾರವನ್ನೂ ಕುಡಿಯುವವರ ಯಕೃತ್ತಿಗೆ ಏನಾಗುತ್ತದೆ ಎಂಬುದಕ್ಕೆ ಹದಿನಾಲ್ಕು ದಿನ ಬದುಕಿದ ಇಲಿಯ ಬಳಿ ಉತ್ತರವಿಲ್ಲ.